ಜಿಲ್ಲೆಗೊಂದು ಹಾಳೆ: ದಾವಣಗೆರೆಯ ಆರೋಗ್ಯದ ಅಂಕಿ ಹುಟ್ಟುವ ಬಗೆ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು ಮುಗಿದ ಮೇಲೆ ದೇಶದ 707 ಜಿಲ್ಲೆಗಳಿಗೂ ಒಂದೊಂದು ಫ್ಯಾಕ್ಟ್‌ಶೀಟ್ ಹೊರಬಂತು. ಕೆಲವೇ ಪುಟಗಳ ಆ ಕಡತದಲ್ಲಿ 104 ಸೂಚಕಗಳಿವೆ. ಎಷ್ಟು ಮನೆಗಳಿಗೆ ಶೌಚಾಲಯವಿದೆ, ಎಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಿ ಆದವು, ಐದು ವರ್ಷದೊಳಗಿನ ಎಷ್ಟು ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ, ಎಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ, ಎಷ್ಟು ಜನರ ರಕ್ತದೊತ್ತಡ ಹೆಚ್ಚಾಗಿದೆ ಎಂಬ ಪ್ರಶ್ನೆಗಳಿಗೆಲ್ಲ ಅಲ್ಲಿ ಶೇಕಡಾವಾರು ಉತ್ತರ ಸಿಗುತ್ತದೆ. ದಾವಣಗೆರೆಗೂ ಅಂಥದೊಂದು ಹಾಳೆ ಇದೆ, ಚಿತ್ರದುರ್ಗಕ್ಕೂ ಇದೆ. ಸಭೆಗಳಲ್ಲಿ, ಯೋಜನಾ ವರದಿಗಳಲ್ಲಿ, ಪತ್ರಿಕೆಯ ಒಳಪುಟಗಳಲ್ಲಿ ಈ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಯಾವ ಜಿಲ್ಲೆ ಮುಂದೆ, ಯಾವುದು ಹಿಂದೆ ಎಂದು ತೀರ್ಮಾನಿಸುವ ಅಭ್ಯಾಸ ಬೆಳೆದಿದೆ. ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುವ ನನಗೆ ಈ ಸಮೀಕ್ಷೆಯ ಮೇಲೆ ಬಹಳ ಗೌರವವಿದೆ. ಆದರೆ ಅದನ್ನು ಜಿಲ್ಲಾ ಮಟ್ಟದಲ್ಲಿ ಓದುವ ರೀತಿಯ ಬಗ್ಗೆ ಅಷ್ಟೇ ಅಸಮಾಧಾನವೂ ಇದೆ. ಒಂದು ಅಂಕಿ ಯಾರ ಮನೆಯ ಬಾಗಿಲಲ್ಲಿ, ಯಾವ ಪ್ರಶ್ನೆಯಿಂದ, ಯಾವ ಉಪಕರಣದಿಂದ ಹುಟ್ಟಿತು ಎಂದು ತಿಳಿದಿದ್ದರೆ, ಅದರ ಮೇಲೆ ಎಷ್ಟು ಭಾರ ಹೇರಬಹುದು ಎಂಬುದೂ ತಿಳಿಯುತ್ತದೆ.

ಸಮೀಕ್ಷೆಯ ಮೊದಲ ಸುತ್ತು ನಡೆದದ್ದು 1992-93ರಲ್ಲಿ. ಆಮೇಲೆ 1998-99, 2005-06, 2015-16 ಮತ್ತು 2019-21ರಲ್ಲಿ ಮುಂದಿನ ಸುತ್ತುಗಳು ನಡೆದವು. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಇದನ್ನು ನಡೆಸುವುದು ಮುಂಬೈನ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. ಮೊದಲ ಮೂರು ಸುತ್ತುಗಳಲ್ಲಿ ಜಿಲ್ಲೆಯ ಮಾತೇ ಇರಲಿಲ್ಲ. ರಾಜ್ಯಕ್ಕೊಂದು ಅಂದಾಜು ಸಿಕ್ಕರೆ ಸಾಕಿತ್ತು. ಜಿಲ್ಲೆಗೊಂದು ಹಾಳೆ ಎಂಬ ಏರ್ಪಾಡು ಬಂದದ್ದು ನಾಲ್ಕನೆಯ ಸುತ್ತಿನಿಂದ. (ಮನೆಮನೆಗೆ ಹೋಗಿ ಹುಟ್ಟು ಸಾವುಗಳ ಲೆಕ್ಕ ಕೇಳುವುದು ನಮ್ಮ ಸೀಮೆಗೆ ಇದಕ್ಕಿಂತಲೂ ಹಳೆಯ ಸಂಗತಿ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ 1951-52ರಲ್ಲಿ ಮೈಸೂರು ರಾಜ್ಯದಲ್ಲಿ ನಡೆಸಿದ ಜನಸಂಖ್ಯಾ ಅಧ್ಯಯನದ ವರದಿಯನ್ನು ಜನಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ.)

ಆಸ್ಪತ್ರೆಗಳಲ್ಲಿ ದಾಖಲೆಗಳಿರುವಾಗ ಸಮೀಕ್ಷೆ ಏಕೆ ಬೇಕು ಎಂಬ ಪ್ರಶ್ನೆಯನ್ನು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹಿಡಿದು ಜಿಲ್ಲಾ ಆಸ್ಪತ್ರೆಯವರೆಗೆ ಪ್ರತಿ ತಿಂಗಳೂ ಎಚ್‌ಎಂಐಎಸ್ ಎಂಬ ಸರ್ಕಾರಿ ವ್ಯವಸ್ಥೆಗೆ ಅಂಕಿಅಂಶ ಸೇರುತ್ತದೆ ಎಂಬುದು ನಿಜ. ಆದರೆ ದಾಖಲೆ ಪುಸ್ತಕ ಬಲ್ಲದ್ದು ಬಂದವರನ್ನು ಮಾತ್ರ. ಬಾರದವರ ಲೆಕ್ಕ ಅದರಲ್ಲಿಲ್ಲ. ಒಂದು ಜಿಲ್ಲೆಯಲ್ಲಿ ಇಷ್ಟು ಸಾವಿರ ಮಕ್ಕಳಿಗೆ ದಡಾರ ಲಸಿಕೆ ಹಾಕಲಾಯಿತು ಎಂದು ಅದು ಹೇಳಬಲ್ಲದು, ಹಾಕಿಸಿಕೊಳ್ಳಬೇಕಾದ ಮಕ್ಕಳು ಒಟ್ಟು ಎಷ್ಟಿದ್ದರು ಎಂದು ಅದರಿಂದ ಗೊತ್ತಾಗುವುದಿಲ್ಲ. ದಾವಣಗೆರೆಯಂಥ ಊರಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಎರಡು ವೈದ್ಯಕೀಯ ಕಾಲೇಜುಗಳು, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಓಣಿಗೊಂದರಂತೆ ನರ್ಸಿಂಗ್ ಹೋಮುಗಳು ಇರುವುದರಿಂದ ರಾಣೆಬೆನ್ನೂರು, ಹರಪನಹಳ್ಳಿ, ಹೊಳಲ್ಕೆರೆ, ಚಿತ್ರದುರ್ಗದ ಕಡೆಯಿಂದಲೂ ಗರ್ಭಿಣಿಯರು ಇಲ್ಲಿಗೇ ಬರುತ್ತಾರೆ. ಅವರ ಹೆರಿಗೆಗಳೆಲ್ಲ ಇಲ್ಲಿನ ಆಸ್ಪತ್ರೆಗಳ ಲೆಕ್ಕಕ್ಕೆ ಸೇರುತ್ತವೆ. ಅದನ್ನು ಈ ಜಿಲ್ಲೆಯ ನಿರೀಕ್ಷಿತ ಹೆರಿಗೆಗಳಿಂದ ಭಾಗಿಸಿದರೆ ಶೇ 100ನ್ನೂ ದಾಟುವ ವಿಚಿತ್ರ ಉತ್ತರ ಬರಬಹುದು. ಸಮೀಕ್ಷೆ ಹೊರಡುವುದು ಮನೆಯಿಂದ. ಆಸ್ಪತ್ರೆಗೆ ಹೋದವಳಿಗೂ ಹೋಗದವಳಿಗೂ ಅಲ್ಲಿ ಒಂದೇ ಪ್ರಶ್ನೆ.

ಯಾವ ಮನೆ ಎಂಬುದೇ ಈ ವಿದ್ಯೆಯ ತಿರುಳು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಎಂಬ ಮಾತನ್ನು ಮಾದರಿ ಸಮೀಕ್ಷೆಗೆ ಅನ್ವಯಿಸುವವರು ಬಹಳ ಮಂದಿ ಇದ್ದಾರೆ. ಪಾತ್ರೆಯ ಅನ್ನ ಒಂದೇ ಬೆಂಕಿಯಲ್ಲಿ ಬೆಂದಿರುತ್ತದೆ, ಜಿಲ್ಲೆಯ ಜನ ಹಾಗಲ್ಲ. ಭದ್ರಾ ನಾಲೆಯ ನೀರುಂಡ ಹರಿಹರದ ಗದ್ದೆ ಬಯಲು, ಚನ್ನಗಿರಿಯ ಅಡಿಕೆ ತೋಟಗಳು, ಮಳೆಯನ್ನೇ ನಂಬಿದ ಜಗಳೂರಿನ ಹೊಲಗಳು, ನಗರದ ಪಿ.ಜೆ. ಬಡಾವಣೆ, ಅದರಿಂದ ಹೆಚ್ಚು ದೂರವಿಲ್ಲದ ಮಂಡಕ್ಕಿ ಭಟ್ಟಿಗಳ ಹೊಗೆ: ಇವೆಲ್ಲ ಒಂದೇ ಜಿಲ್ಲೆಯೊಳಗೆ ಬೇರೆ ಬೇರೆ ಹದದಲ್ಲಿವೆ. ಆದ್ದರಿಂದಲೇ ಆಯ್ಕೆಯಲ್ಲಿ ಅಷ್ಟೊಂದು ಎಚ್ಚರ. 2011ರ ಜನಗಣತಿಯ ಪಟ್ಟಿಯಲ್ಲಿರುವ ಹಳ್ಳಿಗಳನ್ನು ಮೊದಲು ಅವುಗಳ ಗಾತ್ರ ಹಾಗೂ ಪರಿಶಿಷ್ಟ ಜಾತಿ, ಪಂಗಡಗಳ ಜನರ ಪ್ರಮಾಣಕ್ಕೆ ಅನುಗುಣವಾಗಿ ಗುಂಪು ಮಾಡಿ, ಪ್ರತಿ ಗುಂಪಿನೊಳಗೆ ಮಹಿಳಾ ಸಾಕ್ಷರತೆಯ ಕ್ರಮದಲ್ಲಿ ಜೋಡಿಸಿ, ದೊಡ್ಡ ಹಳ್ಳಿಗೆ ಹೆಚ್ಚು ಅವಕಾಶ ಸಿಗುವಂತೆ ಆರಿಸುತ್ತಾರೆ. ನಗರದಲ್ಲಿ ಜನಗಣತಿಯ ಗಣತಿ ಬ್ಲಾಕುಗಳೇ ಹಳ್ಳಿಯ ಜಾಗ ತುಂಬುತ್ತವೆ. ಆಯ್ಕೆಯಾದ ಕಡೆ ತಂಡವೊಂದು ಮುಂಚಿತವಾಗಿಯೇ ಹೋಗಿ ನಕ್ಷೆ ಬರೆದು ಎಲ್ಲ ಮನೆಗಳನ್ನೂ ಪಟ್ಟಿ ಮಾಡುತ್ತದೆ. ಮುನ್ನೂರಕ್ಕಿಂತ ಹೆಚ್ಚು ಮನೆಗಳಿದ್ದರೆ ಊರನ್ನು ತುಂಡುಗಳಾಗಿ ವಿಂಗಡಿಸಿ ಎರಡನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಆ ಪಟ್ಟಿಯಿಂದ ಸಮಾನ ಅಂತರದಲ್ಲಿ 22 ಮನೆಗಳನ್ನು ಆರಿಸುವುದು ಕೊನೆಯ ಹೆಜ್ಜೆ. ಕರ್ನಾಟಕದಲ್ಲಿ ಐದನೆಯ ಸುತ್ತಿಗೆ ಸಿಕ್ಕ ಮನೆಗಳು ಸುಮಾರು 26,500. ಆಗಿದ್ದ ಮೂವತ್ತು ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸರಾಸರಿ ಒಂಬೈನೂರರ ಆಸುಪಾಸು, ಅಂದರೆ ನಲವತ್ತರಷ್ಟು ಹಳ್ಳಿ ಮತ್ತು ವಾರ್ಡುಗಳು.

ಆಯ್ಕೆಯಾದ ಮನೆಗೆ ಬೀಗ ಬಿದ್ದಿದ್ದರೆ ಪಕ್ಕದ ಮನೆಯವರನ್ನು ಕೇಳಿ ಮುಗಿಸುವಂತಿಲ್ಲ. ಬೇರೆ ಹೊತ್ತಿನಲ್ಲಿ, ಬೇರೆ ದಿನ ಮತ್ತೆ ಬರಬೇಕು. ಆಗಲೂ ಸಿಗದಿದ್ದರೆ ಆ ಮನೆಯನ್ನು ಸಿಗದ ಮನೆ ಎಂದೇ ಬರೆದುಕೊಳ್ಳಬೇಕು. ಈ ಕಟ್ಟುನಿಟ್ಟು ಏಕೆಂದು ತಿಳಿಯಲು ಮೆಕ್ಕೆಜೋಳದ ಕೊಯ್ಲಿನ ಕಾಲದಲ್ಲಿ ಜಗಳೂರು ಕಡೆಯ ಹಳ್ಳಿಯೊಂದನ್ನು ಮಧ್ಯಾಹ್ನದ ಹೊತ್ತಿನಲ್ಲಿ ನೋಡಬೇಕು. ಮನೆಯಲ್ಲಿರುವವರು ವೃದ್ಧರು, ಬಾಣಂತಿಯರು, ಹೊಲದ ಕೆಲಸದ ಅಗತ್ಯವಿಲ್ಲದ ಅನುಕೂಲಸ್ಥರು. ಬಾಗಿಲು ತೆರೆದಿರುವ ಮನೆಗಳನ್ನೇ ಹಿಡಿದು ಸಮೀಕ್ಷೆ ಮುಗಿಸಿದರೆ ಕೂಲಿಗೆ ಹೋದವರ ಆರೋಗ್ಯ ಲೆಕ್ಕದಿಂದಲೇ ಮಾಯವಾಗುತ್ತದೆ. ದೇಶದ ಮಟ್ಟದಲ್ಲಿ ಐದನೆಯ ಸುತ್ತಿನಲ್ಲಿ ಶೇ 98ರಷ್ಟು ಮನೆಗಳೂ ಶೇ 97ರಷ್ಟು ಮಹಿಳೆಯರೂ ಉತ್ತರ ಕೊಟ್ಟರು ಎಂಬುದು ಸಣ್ಣ ಸಾಧನೆಯಲ್ಲ. ಪುರುಷರ ಪ್ರಮಾಣ ಶೇ 92.

ಮನೆಯೊಳಗೆ ಕಾಲಿಟ್ಟ ಮೇಲೆ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರು ಯಾರು ಮಲಗಿದ್ದರು ಎಂಬುದು. ರೇಷನ್ ಕಾರ್ಡಿನಲ್ಲಿ ಹೆಸರಿರುವುದು, ಇಲ್ಲದಿರುವುದು ಇಲ್ಲಿ ಮುಖ್ಯವಲ್ಲ. ಹಿಂದಿನ ರಾತ್ರಿ ಅಲ್ಲಿ ತಂಗಿದ್ದ 15ರಿಂದ 49 ವರ್ಷದ ಮಹಿಳೆಯರೇ ಸಂದರ್ಶನಕ್ಕೆ ಅರ್ಹರು. ನಮ್ಮ ಪದ್ಧತಿಗೆ ಇದು ಚೆನ್ನಾಗಿಯೇ ಹೊಂದುತ್ತದೆ: ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದವಳು ಗಂಡನ ಮನೆಯಲ್ಲಿ ಇಲ್ಲವೆಂದು ತಪ್ಪಿಹೋಗುವುದಿಲ್ಲ, ತವರುಮನೆಯ ಪಟ್ಟಿಯಲ್ಲಿ ಅತಿಥಿಯಾಗಿ ಸೇರುತ್ತಾಳೆ. ಆದರೆ ಇದೇ ಪ್ರಶ್ನೆ ಬೇರೆ ಕಡೆ ಎಡವಬಹುದೆಂಬ ಅನುಮಾನ ನನಗಿದೆ. ಚಿತ್ರದುರ್ಗ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಪೂರ್ತಿ ನಿಂತಿಲ್ಲ. ನಿನ್ನೆ ರಾತ್ರಿ ಮನೆಯಲ್ಲಿ ಮಲಗಿದ್ದರೇ ಎಂದು ಕೇಳಿದಾಗ ಮನೆಯ ಹಿರಿಯರು ಇಲ್ಲ ಎಂದು ಪ್ರಾಮಾಣಿಕವಾಗಿಯೇ ಹೇಳಿದರೆ, ಯಾವ ತಾಯಿಯ ಆರೋಗ್ಯ ಎಲ್ಲಕ್ಕಿಂತ ಮೊದಲು ತಿಳಿಯಬೇಕಿತ್ತೋ ಅವಳೇ ಪಟ್ಟಿಯಿಂದ ಹೊರಗುಳಿಯುತ್ತಾಳೆ. ಹಟ್ಟಿಯ ರೂಢಿ ಬಲ್ಲ ಸಂದರ್ಶಕಿಯಾದರೆ ಇನ್ನೊಂದು ಮಾತು ಕೇಳಿಯಾಳು. ಸಮೀಕ್ಷೆಯ ಗುಣಮಟ್ಟ ಎಂಬುದು ಬಹಳಷ್ಟು ಮಟ್ಟಿಗೆ ಆ ಇನ್ನೊಂದು ಮಾತೇ.

2021ರ ನವೆಂಬರ್‌ನಲ್ಲಿ ದೇಶದಲ್ಲಿ ಸಾವಿರ ಪುರುಷರಿಗೆ 1,020 ಮಹಿಳೆಯರು ಎಂಬ ಸುದ್ದಿ ದೊಡ್ಡದಾಗಿ ಬಂದಿತ್ತು. ಹೆಣ್ಣುಮಕ್ಕಳ ಸಂಖ್ಯೆ ಕೊನೆಗೂ ಹೆಚ್ಚಾಯಿತೆಂದು ಸಂಭ್ರಮಿಸಿದವರೂ ಇದ್ದರು. ಆ ಅಂಕಿಯೂ ಇದೇ ರಾತ್ರಿಯ ಲೆಕ್ಕದಿಂದ ಬಂದದ್ದು. ಹಾಸ್ಟೆಲುಗಳಲ್ಲಿ, ಸೇನೆಯ ಬ್ಯಾರಕ್ಕುಗಳಲ್ಲಿ, ದೂರದ ನಗರದ ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿ ಮಲಗಿದ್ದ ಗಂಡಸರು ಯಾವ ಮನೆಯ ಪಟ್ಟಿಯಲ್ಲೂ ಸಿಕ್ಕಿರುವುದಿಲ್ಲ. ಅದೇ ವರದಿಯಲ್ಲಿ, ಹಿಂದಿನ ಐದು ವರ್ಷಗಳಲ್ಲಿ ಹುಟ್ಟಿದ ಮಕ್ಕಳ ಲಿಂಗಾನುಪಾತ ಸಾವಿರಕ್ಕೆ 929 ಎಂದಿತ್ತು. ಅದನ್ನು ತಲೆಬರಹ ಮಾಡಿದವರು ಕಡಿಮೆ.

ಪ್ರಶ್ನೆಗಳ ರಚನೆಯಲ್ಲಿ ಎಷ್ಟು ಯೋಚನೆ ಅಡಗಿದೆ ಎಂಬುದಕ್ಕೆ ಬಾಲ್ಯವಿವಾಹದ ಸೂಚಕ ಒಳ್ಳೆಯ ಉದಾಹರಣೆ. ಹದಿನೆಂಟಕ್ಕೆ ಮೊದಲೇ ಮದುವೆಯಾದವರ ಪ್ರಮಾಣವನ್ನು 20ರಿಂದ 24 ವರ್ಷದ ಮಹಿಳೆಯರನ್ನು ಕೇಳಿ ಲೆಕ್ಕ ಹಾಕುತ್ತಾರೆ. ಹದಿನೈದರ ಹುಡುಗಿಗೆ ಇನ್ನೂ ಮದುವೆಯಾಗಿಲ್ಲ ಎಂದರೆ ಹದಿನೇಳಕ್ಕೆ ಆಗುವುದಿಲ್ಲ ಎಂದರ್ಥವಲ್ಲ; ಇಪ್ಪತ್ತು ದಾಟಿದವಳ ಉತ್ತರ ಮಾತ್ರ ಮತ್ತೆ ಬದಲಾಗದು. ಕರ್ನಾಟಕದಲ್ಲಿ ಈ ಪ್ರಮಾಣ ನಾಲ್ಕನೆಯ ಸುತ್ತಿನಲ್ಲಿ ಶೇ 21.4 ಇತ್ತು, ಐದನೆಯದರಲ್ಲಿ ಶೇ 21.3. ಎಂದರೆ ಕದಲಿಲ್ಲ. ತಡೆದ ಮದುವೆಗಳ ಪಟ್ಟಿ ಎಷ್ಟು ಉದ್ದವಿದ್ದರೂ ನಡೆದುಹೋದ ಮದುವೆಗಳ ಪ್ರಮಾಣ ಯಾವ ಇಲಾಖೆಯ ಕಡತದಲ್ಲೂ ಸಿಗುವುದಿಲ್ಲ. ಸಮೀಕ್ಷೆ ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ಒಂದು ಎಚ್ಚರ ಮಾತ್ರ ಬೇಕು: 2019ರಲ್ಲಿ 24 ವರ್ಷವಾಗಿದ್ದವಳು ಹದಿನಾರಕ್ಕೆ ಮದುವೆಯಾಗಿದ್ದರೆ ಆ ಮದುವೆ ನಡೆದದ್ದು 2011ರ ಸುಮಾರಿಗೆ. ಆದ್ದರಿಂದ ಈ ಅಂಕಿ ತೀರ್ಪು ಕೊಡುತ್ತಿರುವುದು ಈಗಿನ ಅಧಿಕಾರಿಗಳ ಕೆಲಸದ ಮೇಲಲ್ಲ.

ಕರ್ನಾಟಕದ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ತಪ್ಪಾಗಿ ಓದಿದ ಅಂಕಿ ಗಂಡನಿಂದ ಆಗುವ ಹಿಂಸೆಯದು. ವಿವಾಹಿತ ಮಹಿಳೆಯರಲ್ಲಿ ಯಾವಾಗಲಾದರೂ ಅಂಥ ಹಿಂಸೆ ಅನುಭವಿಸಿದವರು ನಾಲ್ಕನೆಯ ಸುತ್ತಿನಲ್ಲಿ ಶೇ 20.6 ಇದ್ದದ್ದು ಐದನೆಯ ಸುತ್ತಿನಲ್ಲಿ ಶೇ 44.4 ಆಯಿತು. ಕೂಡಲೇ ಬಂದ ವಿವರಣೆ ಲಾಕ್‌ಡೌನ್. ಸಮೀಕ್ಷೆಯ ಹೆಸರಿನಲ್ಲೇ 2019-21 ಎಂದಿರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಕರ್ನಾಟಕ ಸೇರಿದ್ದು ಮೊದಲ ಹಂತದ ರಾಜ್ಯಗಳ ಪಟ್ಟಿಗೆ. ಆ ಹಂತದ ಕ್ಷೇತ್ರಕಾರ್ಯ 2019ರ ಜೂನ್‌ನಲ್ಲಿ ಆರಂಭವಾಗಿ 2020ರ ಜನವರಿಯ ಕೊನೆಗೆ ಮುಗಿದಿತ್ತು. ನಮ್ಮ ರಾಜ್ಯದ ಒಬ್ಬ ಮಹಿಳೆಯನ್ನೂ ಕೋವಿಡ್ ನಂತರ ಕೇಳಿರಲಿಲ್ಲ.

ಹಾಗಾದರೆ ಹಿಂಸೆ ನಾಲ್ಕೇ ವರ್ಷದಲ್ಲಿ ಇಮ್ಮಡಿಯಾಯಿತೇ? ಪ್ರಶ್ನೆಯಲ್ಲಿ ಯಾವಾಗಲಾದರೂ ಎಂದಿದೆ ಎಂಬುದನ್ನು ಗಮನಿಸಬೇಕು. 2015ರಲ್ಲಿ ಮೂವತ್ತು ವರ್ಷದವರಾಗಿದ್ದ ಮಹಿಳೆಯರ ತಲೆಮಾರೇ 2019ರಲ್ಲಿ ಮೂವತ್ತನಾಲ್ಕರಲ್ಲಿದೆ. ಅವರ ಬದುಕಿನ ಹಿಂದಿನ ಅನುಭವ ಬದಲಾಗುವುದಿಲ್ಲ, ಹೊಸದು ಸೇರಬಹುದಷ್ಟೆ. ಇಂಥ ಜೀವಿತಾವಧಿಯ ಅಳತೆ ನಿಧಾನವಾಗಿ ಕದಲಬೇಕು. ಅದು ಹೀಗೆ ಜಿಗಿದಾಗ, ಎರಡು ಸುತ್ತುಗಳಲ್ಲಿ ಒಂದರಲ್ಲಾದರೂ ಮಹಿಳೆಯರು ಬಾಯಿಬಿಟ್ಟು ಹೇಳಿದ ಪ್ರಮಾಣವೇ ಬೇರೆಯಾಗಿತ್ತು ಎಂದು ನಾನು ಶಂಕಿಸುತ್ತೇನೆ. ಈ ಭಾಗವನ್ನು ಒಂದು ಮನೆಯಲ್ಲಿ ಒಬ್ಬ ಮಹಿಳೆಗೆ ಮಾತ್ರ, ಬೇರೆ ಯಾರೂ ಕೇಳಿಸಿಕೊಳ್ಳದಂಥ ಏಕಾಂತದಲ್ಲಿ ಕೇಳಬೇಕೆಂಬ ನಿಯಮವಿದೆ. ಏಕಾಂತ ಸಿಗದಿದ್ದರೆ ಕೇಳುವುದನ್ನೇ ಬಿಡಬೇಕು. ನಮ್ಮ ಕಡೆಯ ನಡುಮನೆಯಲ್ಲಿ ಅತ್ತೆ, ನಾದಿನಿ, ಬಾಗಿಲ ಬಳಿ ನಿಂತ ನೆರೆಯವರು, ಇವರೆಲ್ಲರ ನಡುವೆ ಏಕಾಂತ ಸಂಪಾದಿಸುವುದೇ ಒಂದು ಕೌಶಲ. ಸಂದರ್ಶಕಿಯರ ತರಬೇತಿ, ಅವರ ವಯಸ್ಸು, ಅವರಾಡುವ ಕನ್ನಡದ ಬಗೆ ಇವೆಲ್ಲ ಉತ್ತರವನ್ನು ಬದಲಿಸಬಲ್ಲವು. ನನ್ನ ತೀರ್ಮಾನ ಇಷ್ಟು: ಶೇ 44ನ್ನು ಸತ್ಯಕ್ಕೆ ಹೆಚ್ಚು ಹತ್ತಿರದ ಅಂಕಿಯೆಂದು ಒಪ್ಪಬಹುದು, ಏಕೆಂದರೆ ಪೆಟ್ಟು ತಿಂದದ್ದನ್ನು ಮುಚ್ಚಿಡುವವರು ಬಹಳ ಮಂದಿ, ತಿನ್ನದ ಪೆಟ್ಟನ್ನು ಹೇಳಿಕೊಳ್ಳುವವರು ವಿರಳ. ಆದರೆ ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಹಿಂಸೆಯ ಏರಿಕೆಯೆಂದು ಓದಲಾಗದು. ದಾವಣಗೆರೆಯ ಪ್ರಮಾಣ ಎಷ್ಟು ಎಂದು ಕೇಳುವವರಿದ್ದಾರೆ. ಅಂಥದೊಂದು ಅಂಕಿಯೇ ಇಲ್ಲ. ಹಿಂಸೆಯ ಪ್ರಶ್ನೆಗಳನ್ನು ಮಾದರಿಯ ಒಂದು ಸಣ್ಣ ಭಾಗದಲ್ಲಷ್ಟೇ ಕೇಳುವುದರಿಂದ ಅದು ರಾಜ್ಯಕ್ಕೆ ಸಾಕು, ಜಿಲ್ಲೆಗೆ ಸಾಲದು.

ಇನ್ನು ರಕ್ತದ ಹನಿಯ ವಿಚಾರ. ಈ ಸಮೀಕ್ಷೆ ಬರೀ ಪ್ರಶ್ನೋತ್ತರವಲ್ಲ. ತಂಡದ ಜೊತೆ ತೂಕದ ಯಂತ್ರ, ಎತ್ತರ ಅಳೆಯುವ ಪಟ್ಟಿ, ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿ ಅಳೆಯುವ ಹಲಗೆ, ರಕ್ತದೊತ್ತಡದ ಉಪಕರಣ, ಗ್ಲೂಕೋಸ್ ಮೀಟರ್ ಎಲ್ಲವೂ ಬರುತ್ತವೆ. ರಕ್ತದೊತ್ತಡವನ್ನು ಮೂರು ಸಲ ಅಳೆಯುತ್ತಾರೆ. ಸಕ್ಕರೆಯ ಅಳತೆ ಹೊತ್ತುಗೊತ್ತಿಲ್ಲದೆ ತೆಗೆದ ರಕ್ತದ್ದಾದ್ದರಿಂದ ಅದನ್ನು ಸಕ್ಕರೆ ಕಾಯಿಲೆಯ ಪ್ರಮಾಣ ಎಂದು ಕರೆಯಬಾರದು. ಇವೆಲ್ಲದರಲ್ಲಿ ಹೆಚ್ಚು ವಿವಾದಕ್ಕೆ ಸಿಕ್ಕದ್ದು ಹಿಮೋಗ್ಲೋಬಿನ್. ಬೆರಳ ತುದಿಯನ್ನು, ತೀರಾ ಎಳೆಯ ಮಕ್ಕಳಾದರೆ ಹಿಮ್ಮಡಿಯನ್ನು ಚುಚ್ಚಿ, ಬಂದ ಹನಿಯನ್ನು ಹಿಮೋಕ್ಯೂ ಎಂಬ ಅಂಗೈ ಅಗಲದ ಯಂತ್ರಕ್ಕೆ ಕೊಟ್ಟರೆ ಸ್ಥಳದಲ್ಲೇ ಉತ್ತರ ಬರುತ್ತದೆ. ಗರ್ಭಿಣಿಯಲ್ಲದ ಮಹಿಳೆಗೆ ಡೆಸಿಲೀಟರಿಗೆ 12 ಗ್ರಾಂ, ಗರ್ಭಿಣಿಗೂ ಐದರೊಳಗಿನ ಮಗುವಿಗೂ 11 ಗ್ರಾಂ. ಅದಕ್ಕಿಂತ ಕಡಿಮೆಯಾದರೆ ರಕ್ತಹೀನತೆ. ಈ ಅಳತೆಯಲ್ಲಿ ದೇಶದ ಮಹಿಳೆಯರ ರಕ್ತಹೀನತೆ ಶೇ 53.1ರಿಂದ 57.0ಕ್ಕೆ, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳದು ಶೇ 58.6ರಿಂದ 67.1ಕ್ಕೆ ಏರಿತು. ಕರ್ನಾಟಕದಲ್ಲಿ ಮಹಿಳೆಯರದು ಶೇ 44.8ರಿಂದ 47.8ಕ್ಕೆ, ಮಕ್ಕಳದು ಶೇ 60.9ರಿಂದ 65.5ಕ್ಕೆ ಹೋಯಿತು. ಕಬ್ಬಿಣಾಂಶದ ಮಾತ್ರೆಗಳ ವಿತರಣೆ ಹೆಚ್ಚುತ್ತಿದ್ದ ವರ್ಷಗಳಲ್ಲೇ ಹೀಗಾದದ್ದು ಎಲ್ಲರನ್ನೂ ಗಲಿಬಿಲಿಗೊಳಿಸಿತು.

ತೊಡಕು ಬೆರಳಿನಲ್ಲಿದೆ. ಹನಿ ಸಲೀಸಾಗಿ ಬಾರದಾಗ ಬೆರಳನ್ನು ಹಿಂಡಿದರೆ ರಕ್ತದ ಜೊತೆ ಅಂಗಾಂಶದ ದ್ರವವೂ ಬೆರೆಯುತ್ತದೆ, ಹನಿ ತೆಳುವಾಗುತ್ತದೆ, ಯಂತ್ರ ಕಡಿಮೆ ಹಿಮೋಗ್ಲೋಬಿನ್ ತೋರಿಸುತ್ತದೆ. ಮೊದಲ ಹನಿಗಳನ್ನು ಒರೆಸಿ ಆಮೇಲಿನ ಹನಿಯನ್ನೇ ಬಳಸಬೇಕೆಂದು ತರಬೇತಿಯಲ್ಲಿ ಹೇಳುವುದು ಅದಕ್ಕೇ. ಅಳುವ ಮಗು, ಮೊಮ್ಮಗುವಿನ ರಕ್ತ ಏಕೆ ತೆಗೆಯುತ್ತೀರಿ ಎಂದು ಎದ್ದುನಿಂತ ಅಜ್ಜಿ, ಹೊತ್ತಿಳಿಯುವುದರೊಳಗೆ ಮುಗಿಸಬೇಕಾದ ಇನ್ನೂ ಹಲವು ಮನೆಗಳು ಇರುವಾಗ ಆ ಪಾಠ ಎಷ್ಟು ನಡೆಯುತ್ತದೆ ಎಂಬುದು ಬೇರೆ ಮಾತು. 2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ಅದರಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳ ರಕ್ತಹೀನತೆ ಶೇ 41 ಎಂದು ಬಂತು. ವಯಸ್ಸಿನ ಗುಂಪು ಒಂದೇ ಅಲ್ಲ. ರಕ್ತಹೀನತೆ ಹೆಚ್ಚಿರುವ ಆರರಿಂದ ಹನ್ನೊಂದು ತಿಂಗಳ ಕೂಸುಗಳು ಅದರಲ್ಲಿಲ್ಲ. ಆದರೂ 58.6ಕ್ಕೂ 41ಕ್ಕೂ ನಡುವಿನ ಕಂದಕವನ್ನು ವಯಸ್ಸೊಂದೇ ತುಂಬಲಾರದು. ಗಡಿ ಅಂಕಿಯ ಬಗ್ಗೆಯೂ ತಕರಾರಿದೆ. ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳ ಗಡಿಯನ್ನು 11ರಿಂದ 10.5 ಗ್ರಾಂಗೆ ಇಳಿಸಿದೆ.

ಆರನೆಯ ಸುತ್ತಿನಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನೇ ಕೈಬಿಟ್ಟು, ಆ ಹೊಣೆಯನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ಮತ್ತು ಬಯೋಮಾರ್ಕರ್ ಸಮೀಕ್ಷೆಗೆ ಒಪ್ಪಿಸಿದ ನಿರ್ಧಾರದ ಹಿನ್ನೆಲೆ ಇದು. ರಕ್ತನಾಳದ ರಕ್ತ ಹೆಚ್ಚು ನಿಖರ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ನಷ್ಟವೂ ಸಣ್ಣದಲ್ಲ. ಎಲ್ಲ ಸುತ್ತುಗಳಲ್ಲೂ ಒಂದೇ ರೀತಿ ತಪ್ಪುವ ಅಳತೆಗೋಲು ಏರಿಳಿತವನ್ನಾದರೂ ತೋರಿಸುತ್ತದೆ. ಗೋಲನ್ನೇ ಬದಲಿಸಿದರೆ ಹಳೆಯ ಸರಣಿ ಅಲ್ಲಿಗೆ ಕಡಿಯುತ್ತದೆ. ನನ್ನ ಕೈಯಲ್ಲಿದ್ದಿದ್ದರೆ ಒಂದು ಸುತ್ತಿನಲ್ಲಿ, ಮನೆಗಳ ಒಂದು ಪಾಲಿಗಾದರೂ ಬೆರಳಿನ ಹನಿ ಮತ್ತು ತೋಳಿನ ರಕ್ತ ಎರಡನ್ನೂ ಪರೀಕ್ಷಿಸಿ ಹಳತಕ್ಕೂ ಹೊಸತಕ್ಕೂ ಸಂಬಂಧ ಕಟ್ಟುತ್ತಿದ್ದೆ. ಮುಂದೆ ಯಾವ ದಿನವಾದರೂ ಹೊಸ ಸಮೀಕ್ಷೆಯ ಅಂಕಿ ಹಳೆಯದಕ್ಕಿಂತ ಹತ್ತೋ ಹದಿನೈದೋ ಅಂಶ ಕಡಿಮೆ ಬಂದರೆ ಅದನ್ನು ಯಾವುದಾದರೊಂದು ಯೋಜನೆಯ ಯಶಸ್ಸೆಂದು ಬರೆಯುವವರು ಸಿದ್ಧರಾಗಿಯೇ ಇರುತ್ತಾರೆ.

ಮತ್ತೆ ಜಿಲ್ಲೆಯ ಹಾಳೆಗೆ ಬರುತ್ತೇನೆ. ರಾಜ್ಯದಲ್ಲಿ ಸಂದರ್ಶನಕ್ಕೆ ಸಿಕ್ಕ ಮಹಿಳೆಯರು ಮೂವತ್ತು ಸಾವಿರಕ್ಕೂ ಸ್ವಲ್ಪ ಹೆಚ್ಚು, ಅಂದರೆ ಜಿಲ್ಲೆಗೆ ಸರಾಸರಿ ಒಂದು ಸಾವಿರ. ಸಾವಿರ ಜನರಲ್ಲಿ ಅರ್ಧದಷ್ಟು ಮಂದಿಗೆ ಇರುವ ಒಂದು ಲಕ್ಷಣದ ಅಂದಾಜು ಶೇ 3ರಷ್ಟು ಆಚೀಚೆ ಆಗುವುದು ಗಣಿತದ ಸ್ವಭಾವ. ಒಂದೇ ಹಳ್ಳಿಯ 22 ಮನೆಗಳ ಜನ ಒಬ್ಬರನ್ನೊಬ್ಬರು ಹೋಲುವುದರಿಂದ ಆ ಅಂಚು ಇನ್ನೂ ಹಿಗ್ಗಿ ಶೇ 4, 5ರ ಹತ್ತಿರ ಹೋಗುತ್ತದೆ. ಮಕ್ಕಳ ಸೂಚಕಗಳಿಗೆ ಆಧಾರ ಕೆಲವು ನೂರು ಮಕ್ಕಳು ಮಾತ್ರ; ಅಲ್ಲಿ ಶೇ 7ರ ಆಚೀಚೆಯೂ ಸಾಮಾನ್ಯ. ಆದ್ದರಿಂದ ದಾವಣಗೆರೆಗೂ ಚಿತ್ರದುರ್ಗಕ್ಕೂ ಮೂರೋ ನಾಲ್ಕೋ ಅಂಶಗಳ ಅಂತರವಿದ್ದಾಗ ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಎನ್ನುವುದಕ್ಕೆ ಆಧಾರವಿಲ್ಲ. ಹಾಳೆಯನ್ನು ಸಿದ್ಧಪಡಿಸಿದವರು ಈ ಎಚ್ಚರವನ್ನು ಅಲ್ಲಿಯೇ ಬರೆದಿಟ್ಟಿದ್ದಾರೆ. ಕೆಲವು ಅಂಕಿಗಳು ಆವರಣದೊಳಗಿರುತ್ತವೆ, ಕೆಲವು ಜಾಗಗಳಲ್ಲಿ ನಕ್ಷತ್ರ ಚಿಹ್ನೆ ಮಾತ್ರ ಇರುತ್ತದೆ. ಆವರಣವಿದ್ದರೆ ಆ ಲೆಕ್ಕಕ್ಕೆ ಸಿಕ್ಕವರು 25ರಿಂದ 49 ಮಂದಿ ಮಾತ್ರ. ನಕ್ಷತ್ರವಿದ್ದರೆ 25 ಮಂದಿಯೂ ಇಲ್ಲ. ಆರು ತಿಂಗಳೊಳಗಿನ ಕೂಸುಗಳಿಗೆ ಎದೆಹಾಲು ಮಾತ್ರ ಕೊಡುವ ಪ್ರಮಾಣ, ಅತಿಸಾರವಾದ ಮಕ್ಕಳಿಗೆ ಓಆರ್‌ಎಸ್ ಕೊಟ್ಟ ಪ್ರಮಾಣ ಇಂಥವು ಅನೇಕ ಜಿಲ್ಲೆಗಳಲ್ಲಿ ಆವರಣದೊಳಗೇ ಇರುತ್ತವೆ. ಆ ಆವರಣ ವರದಿಯಿಂದ ಪ್ರೆಸೆಂಟೇಶನ್‌ಗೆ, ಅಲ್ಲಿಂದ ಪತ್ರಿಕೆಗೆ ಸಾಗುವ ದಾರಿಯಲ್ಲಿ ಎಲ್ಲೋ ಉದುರಿಹೋಗುತ್ತದೆ.

ಗಡಿಯ ವಿಷಯವೂ ಒಂದಿದೆ. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ, ಶಿವಮೊಗ್ಗದ ಹೊನ್ನಾಳಿ ಮತ್ತು ಚನ್ನಗಿರಿ, ಬಳ್ಳಾರಿಯ ಹರಪನಹಳ್ಳಿಯನ್ನು ಸೇರಿಸಿಕೊಂಡು ದಾವಣಗೆರೆ ಜಿಲ್ಲೆ ಹುಟ್ಟಿತು. ಐದನೆಯ ಸುತ್ತು 2017ರ ಮಾರ್ಚ್ 31ರಂದು ಇದ್ದ ಜಿಲ್ಲೆಗಳ ಪಟ್ಟಿಯನ್ನು ಅನುಸರಿಸಿತು. ಹರಪನಹಳ್ಳಿ ಆಮೇಲೆ ಬಳ್ಳಾರಿಗೆ ಮರಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ಒಣಭೂಮಿಯ ದೊಡ್ಡ ತಾಲ್ಲೂಕೊಂದು ಲೆಕ್ಕದಿಂದ ಹೊರಗೆ ಹೋದರೆ ಯಾರ ಆರೋಗ್ಯವೂ ಸುಧಾರಿಸದೆಯೇ ಜಿಲ್ಲೆಯ ಸರಾಸರಿ ಬದಲಾಗಬಹುದು. ಹೊಸ ಸುತ್ತನ್ನು ಹಳೆಯದರ ಪಕ್ಕದಲ್ಲಿ ಇಡುವವರು ಇದನ್ನು ಮೊದಲು ನೋಡಬೇಕು.

ಜಿಲ್ಲೆಯ ಹಾಳೆಯನ್ನು ಮೂಲೆಗೆ ಇಡಬೇಕೆಂದು ನಾನು ಹೇಳುತ್ತಿಲ್ಲ. ವ್ಯತ್ಯಾಸ ದೊಡ್ಡದಿದ್ದಾಗ ಅದು ಖಚಿತವಾಗಿಯೇ ಮಾತಾಡುತ್ತದೆ. ರಾಜ್ಯದಲ್ಲಿ ಶಸ್ತ್ರಚಿಕಿತ್ಸೆಯ ಹೆರಿಗೆ ಶೇ 23.6ರಿಂದ 31.5ಕ್ಕೆ ಏರಿದ್ದು, ಪೂರ್ಣ ಲಸಿಕೆ ಪಡೆದ ಮಕ್ಕಳು ಶೇ 62.6ರಿಂದ 84.1 ಆದದ್ದು ಯಾವ ಅಂಚಿನೊಳಗೂ ಅಡಗುವ ಬದಲಾವಣೆಗಳಲ್ಲ. ಐದು ವರ್ಷದೊಳಗಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಶೇ 36.2ರಿಂದ 35.4ಕ್ಕೆ ಮಾತ್ರ ಬಂದದ್ದು, ಅಂದರೆ ಹೆಚ್ಚುಕಡಿಮೆ ಅಲ್ಲೇ ನಿಂತದ್ದು ಕೂಡ ಅಷ್ಟೇ ದೊಡ್ಡ ಸುದ್ದಿ.

ಕೇಳದ ಪ್ರಶ್ನೆಗಳ ಬಗ್ಗೆಯೂ ಹೇಳಬೇಕು. ಮನಸ್ಸಿನ ಆರೋಗ್ಯಕ್ಕೆ ಈ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಕೋಲಾರದಲ್ಲಿ ಪ್ರಾಯೋಗಿಕವಾಗಿ ನಡೆದು ಹನ್ನೆರಡು ರಾಜ್ಯಗಳಿಗೆ ಹೋಯಿತು, ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಚಿತ್ರದುರ್ಗಕ್ಕೆ ಇನ್ನೂ ಹತ್ತಿರದ ಕೊರತೆ ನೀರಿನದು. ಸುಧಾರಿತ ಕುಡಿಯುವ ನೀರಿನ ಮೂಲ ಇರುವ ಮನೆಗಳೆಂಬ ಸೂಚಕದಲ್ಲಿ ನಲ್ಲಿಯ ಜೊತೆ ಕೊಳವೆಬಾವಿಯೂ ಸೇರುತ್ತದೆ. ಅತಿಸಾರದ ದೃಷ್ಟಿಯಿಂದ ಅದು ಸರಿಯೇ: ತೆರೆದ ಬಾವಿಗಿಂತ ಕೊಳವೆಬಾವಿಯ ನೀರು ರೋಗಾಣುಗಳಿಂದ ಹೆಚ್ಚು ಸುರಕ್ಷಿತ. ಆದರೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಚಿತ್ರದುರ್ಗದ ಬಯಲಿನಲ್ಲಿ ಹಲ್ಲು ಕಂದಿಸುವ, ವರ್ಷಗಟ್ಟಲೆ ಕುಡಿದರೆ ಕೀಲುಗಳನ್ನು ಬಿಗಿಯಾಗಿಸುವ ನೀರೂ ಆ ಲೆಕ್ಕದಲ್ಲಿ ಸುಧಾರಿತ ನೀರೇ ಆಗುತ್ತದೆ. ಸಮೀಕ್ಷೆಯ ತಂಡ ಅಡುಗೆಮನೆಯ ಉಪ್ಪಿನ ಮೇಲೆ ಎರಡು ಹನಿ ದ್ರಾವಣ ಹಾಕಿ ಅಯೋಡಿನ್ ಇದೆಯೇ ಎಂದು ಪರೀಕ್ಷಿಸುವುದು ಹಲವು ಸುತ್ತುಗಳಿಂದ ನಡೆದುಬಂದಿದೆ. ಉಪ್ಪಿಗೆ ಆಗುವುದು ನೀರಿಗೂ ಆಗಬಹುದು. ಕುಡಿಯುವ ನೀರಿನ ಒಂದು ಸಣ್ಣ ಸೀಸೆಯನ್ನು ಪ್ರತಿ ಹಳ್ಳಿಯ ಅದೇ 22 ಮನೆಗಳಿಂದ ತುಂಬಿ ಪ್ರಯೋಗಾಲಯಕ್ಕೆ ಕಳುಹಿಸಿದರೆ, ಅದೇ ಮನೆಯ ಮಕ್ಕಳ ಎತ್ತರ, ತೂಕದ ಅಳತೆಗಳ ಜೊತೆಗೆ ಅವರು ಕುಡಿಯುವ ನೀರಿನ ಫ್ಲೋರೈಡ್ ಅಂಕಿಯೂ ದಾಖಲಾಗುತ್ತದೆ.